ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮರೆಮಾಚಿದಾಗ

ಪ್ರಶ್ನೆ: ನನಗೆ 56 ವರ್ಷ. ಕೆಲವು ವಾರಗಳಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಅಂಚಿನಿಂದಾಚೆ ಚೆಲ್ಲುತ್ತಿದೆ. ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಎಷ್ಟು ಕೆಳಗಿದೆ ಎಂಬ ಅಂದಾಜು ಸಿಗದೆ ಎಡವುತ್ತಿದ್ದೇನೆ. ಆದರೆ ಓದುವುದಕ್ಕೆ ತೊಂದರೆಯಿಲ್ಲ, ನೋವೂ ಇಲ್ಲ. ನಾನು ಗಮನ ಕೊಡುತ್ತಿಲ್ಲವೆಂದು ಮನೆಯವರು ಹೇಳುತ್ತಾರೆ. ಇದು ವಯಸ್ಸಿನ ಪರಿಣಾಮವೇ?

ಉತ್ತರ: ನಿಮ್ಮ ತೊಂದರೆಯನ್ನು ಅಜಾಗರೂಕತೆ ಎಂದಾಗಲಿ, ವಯಸ್ಸು ಎಂದಾಗಲಿ ತಳ್ಳಿಹಾಕುವುದು ಸರಿಯಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿರುವುದರಿಂದ ಒಂದೇ ವಸ್ತುವಿನ ಎರಡು ತುಸು ಭಿನ್ನ ಚಿತ್ರಗಳು ಮಿದುಳನ್ನು ತಲುಪುತ್ತವೆ. ಆ ಭಿನ್ನತೆಯನ್ನು ಅಳೆದೇ ಮಿದುಳು ವಸ್ತು ಎಷ್ಟು ದೂರದಲ್ಲಿದೆ ಎಂದು ನಿರ್ಧರಿಸುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಎರಡು ಕಣ್ಣುಗಳಿಗೆ ಬೇರೆಬೇರೆ ಚಿತ್ರ ತೋರಿಸುವ ತಮ್ಮ ಸ್ಟೀರಿಯೋಸ್ಕೋಪ್ ಉಪಕರಣದಿಂದ ತೋರಿಸಿಕೊಟ್ಟದ್ದು ಇದನ್ನೇ. ದೂರದ ದೃಶ್ಯಗಳಲ್ಲಿ ನೆರಳು, ಗಾತ್ರ, ಒಂದು ವಸ್ತು ಇನ್ನೊಂದನ್ನು ಮರೆಮಾಡುವ ರೀತಿ ಮುಂತಾದ ಸುಳಿವುಗಳು ಒಂದೇ ಕಣ್ಣಿಗೂ ಸಾಕಾಗುತ್ತವೆ. ಕೈಯಳತೆಯ ಕೆಲಸಕ್ಕೆ ಮಾತ್ರ ಎರಡೂ ಕಣ್ಣುಗಳು ಕೂಡಿ ದುಡಿಯಬೇಕು. ಲೋಟ ಮತ್ತು ಸೂಜಿಯಲ್ಲಿ ನಿಮ್ಮ ತೊಂದರೆ ಎದ್ದು ಕಾಣುವುದು ಈ ಕಾರಣಕ್ಕೇ ಇರಬಹುದು.

ಒಂದು ಕಣ್ಣು ಚೆನ್ನಾಗಿದ್ದರೆ ಓದು ಎಂದಿನಂತೆಯೇ ಸಾಗುತ್ತದೆ, ಇನ್ನೊಂದು ಕಣ್ಣು ಮಸುಕಾದದ್ದು ತಿಳಿಯುವುದೇ ಇಲ್ಲ. ಆದ್ದರಿಂದ ಇಂದೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಕನ್ನಡಕವಿದ್ದರೆ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಬಾಗಿಲಿನ ಚೌಕಟ್ಟನ್ನೂ ಪುಸ್ತಕದ ಸಾಲುಗಳನ್ನೂ ನೋಡಿ. ಬಳಿಕ ಇನ್ನೊಂದು ಕಣ್ಣಿನಿಂದ ನೋಡಿ. ಒಂದರಲ್ಲಿ ಎಲ್ಲವೂ ಮಂಜಾಗಿ ಕಂಡರೆ ಪೊರೆ ಬೆಳೆದಿರಬಹುದು, ಇಲ್ಲವೇ ಪವರ್ ಬದಲಾಗಿರಬಹುದು. ನೇರ ಗೆರೆ ಬಾಗಿದಂತೆ, ಅಲೆಯಂತೆ ಕಂಡರೆ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ, ನಡುಭಾಗದಲ್ಲಿ ತೊಂದರೆಯಿರುವ ಸಂಭವ ಹೆಚ್ಚು, ಮತ್ತು ಇದನ್ನು ಕೆಲವೇ ದಿನಗಳಲ್ಲಿ ತೋರಿಸಿಕೊಳ್ಳಬೇಕು. ಎರಡೂ ಕಣ್ಣು ತೆರೆದಾಗ ಮಾತ್ರ ಒಂದು ಎರಡಾಗಿ ಕಂಡು, ಯಾವುದೇ ಒಂದನ್ನು ಮುಚ್ಚಿದರೆ ಸರಿಹೋಗುವುದಾದರೆ ಎರಡು ಕಣ್ಣುಗಳ ದಿಕ್ಕು ಹೊಂದುತ್ತಿಲ್ಲವೆಂದು ಅರ್ಥ. ಕಣ್ಣನ್ನು ಕೆಳಕ್ಕೆ ತಿರುಗಿಸುವ ಸ್ನಾಯುವಿನ ನರ ದುರ್ಬಲಗೊಂಡವರಲ್ಲಿ ಅನೇಕರು ಮೊದಲು ಹೇಳುವ ದೂರು ಮೆಟ್ಟಿಲಿಳಿಯುವುದು ಕಷ್ಟ ಎಂಬುದೇ. ಅವರಿಗೇ ಅರಿವಿಲ್ಲದಂತೆ ಅವರ ತಲೆ ಒಂದು ಕಡೆಗೆ ವಾಲಿರುತ್ತದೆ.

ಮಧುಮೇಹವಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದ ಶಕ್ತಿಯೂ ಬದಲಾಗುವುದರಿಂದ, ಸಕ್ಕರೆ ಹತೋಟಿಗೆ ಬಂದು ಕೆಲವು ವಾರಗಳಾಗುವ ಮುನ್ನ ಮಾಡಿಸಿದ ಕನ್ನಡಕ ವ್ಯರ್ಥವಾಗಬಹುದು.

ಯಾವ ಫಲಿತಾಂಶ ಬಂದರೂ, ಏನೂ ಕಾಣದಿದ್ದರೂ, ಕನ್ನಡಕದಂಗಡಿಯ ಪವರ್ ಪರೀಕ್ಷೆಗೆ ನಿಲ್ಲಿಸಬೇಡಿ. ನೇತ್ರತಜ್ಞರು ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನು ನೋಡಬೇಕು, ಕಣ್ಣುಗಳ ಚಲನೆಯನ್ನೂ ಆಳದ ಗ್ರಹಿಕೆಯನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಸುಕಾಗಿರುವುದರಿಂದ ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ, ವಾಹನ ನಡೆಸಬೇಡಿ. ದೂರದ ಅಂದಾಜು ತಪ್ಪುತ್ತಿರುವಷ್ಟು ದಿನ ಹೇಗೂ ವಾಹನ ನಡೆಸದಿರುವುದೇ ಕ್ಷೇಮ.

ಕೆಲವು ಲಕ್ಷಣಗಳು ಕಂಡರೆ ಒಂದು ದಿನವೂ ಕಾಯಬಾರದು. ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಒಮ್ಮೆಗೇ ಹೆಚ್ಚುವುದು ಅಥವಾ ದೃಷ್ಟಿಯ ಒಂದು ಬದಿಗೆ ಪರದೆ ಇಳಿದಂತಾಗುವುದು ಅಕ್ಷಿಪಟಲ ಕಳಚಿಕೊಳ್ಳುತ್ತಿರುವುದರ ಸೂಚನೆಯಾಗಿರಬಹುದು. ರೆಪ್ಪೆ ಜೋತುಬಿದ್ದು, ಪಾಪೆ ದೊಡ್ಡದಾಗಿ, ತಲೆನೋವಿನೊಂದಿಗೆ ಎರಡೆರಡು ಕಾಣುವುದು, ಮಾತು ತೊದಲುವುದು, ಮುಖ ಇಲ್ಲವೇ ಕೈಕಾಲಿನ ಬಲ ಕುಂದುವುದು, ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು. ಆ ಲಕ್ಷಣ ತಾನಾಗಿ ಮಾಯವಾದರೂ ಹೋಗಲೇಬೇಕು.

ಪ್ರಶ್ನೆ: ಹೊಸ ಪ್ರೊಗ್ರೆಸಿವ್ ಕನ್ನಡಕ ಹಾಕಿಕೊಂಡಾಗಿನಿಂದ ನೆಲ ತೇಲಿದಂತೆ ಕಾಣುತ್ತದೆ, ಮೆಟ್ಟಿಲ ಮೇಲೆ ಭಯವಾಗುತ್ತದೆ. ಕಣ್ಣು ಕೆಟ್ಟಿದೆಯೇ?

ಉತ್ತರ: ಹೊಸ ಕನ್ನಡಕದೊಂದಿಗೇ ಆರಂಭವಾಗಿ, ಅದನ್ನು ತೆಗೆದೊಡನೆ ನಿಲ್ಲುವುದಾದರೆ ಹೆಚ್ಚಿನ ಮಟ್ಟಿಗೆ ಕಾರಣ ಕನ್ನಡಕವೇ. ಪ್ರೊಗ್ರೆಸಿವ್ ಕನ್ನಡಕದಲ್ಲಿ ಒಂದೇ ಮಸೂರದ ಮೇಲ್ಭಾಗ ದೂರದ ನೋಟಕ್ಕಾಗಿ, ಕೆಳಭಾಗ ಓದುವ ದೂರಕ್ಕಾಗಿ, ಅಂದರೆ ಸುಮಾರು 40 ಸೆಂಟಿಮೀಟರಿಗಾಗಿ ರೂಪಿಸಿದ್ದು. ಕಣ್ಣನ್ನಷ್ಟೇ ಕೆಳಗಿಳಿಸಿ ಆ ಕೆಳಭಾಗದ ಮೂಲಕ ಪಾದದ ಬಳಿಯ ಮೆಟ್ಟಿಲನ್ನು ನೋಡಿದರೆ ಅಂಚು ಮಸುಕಾಗುತ್ತದೆ, ಜಾಗ ತಪ್ಪಿದಂತೆಯೂ ಕಾಣುತ್ತದೆ. ಗಲ್ಲವನ್ನು ಎದೆಯ ಕಡೆಗೆ ತಗ್ಗಿಸಿ, ಮೇಲ್ಭಾಗದಿಂದ ನೋಡುವ ಅಭ್ಯಾಸ ಮಾಡಿ. ಕಟಕಟೆ ಹಿಡಿದೇ ಇಳಿಯಿರಿ. ಎರಡು ವಾರಗಳಾದರೂ ಒಗ್ಗದಿದ್ದರೆ ಪವರನ್ನೂ, ಮಸೂರದ ಕೇಂದ್ರ ನಿಮ್ಮ ಪಾಪೆಗೆ ಸರಿಯಾಗಿ ಕೂತಿದೆಯೇ ಎಂಬುದನ್ನೂ ಮರುಪರಿಶೀಲನೆ ಮಾಡಿಸಿ. ಹೊರಗಡೆ ಹೆಚ್ಚು ನಡೆಯುವವರಿಗೆ ದೂರದ ಪವರ್ ಮಾತ್ರವಿರುವ ಇನ್ನೊಂದು ಕನ್ನಡಕವನ್ನು ಇಟ್ಟುಕೊಳ್ಳುವಂತೆ ನಾನು ಸಲಹೆ ಕೊಡುತ್ತೇನೆ.