ಬರವಣಿಗೆ ಕಲಿಯುವ ತರಗತಿಯಲ್ಲಿ ಪಂಕ್ ಹುಡುಗರ ಬಗ್ಗೆ ಯಾಕೆ ಓದಬೇಕು?

ಕಾಲೇಜಿನ ಬರವಣಿಗೆ ಕೋರ್ಸಿನಲ್ಲಿ ಈ ಸಲ 'ರೆಟೊರಿಕ್ ಮತ್ತು ಯುವಜನರ ಉಪಸಂಸ್ಕೃತಿಗಳು' ಅಂತ ವಿಷಯ ಇಟ್ಟಿದ್ದಾರೆ ಅಂದಿದ್ದೀರಿ. ತಮ್ಮದೇ ಬಟ್ಟೆ, ಹಾಡು, ಮಾತು ಇಟ್ಟುಕೊಂಡ ಚಿಕ್ಕ ಗುಂಪುಗಳ ಬದುಕನ್ನು ಉಪಸಂಸ್ಕೃತಿ ಅನ್ನುತ್ತಾರೆ; ಜೋರಾದ, ಒರಟು ರಾಕ್ ಸಂಗೀತದ ಸುತ್ತ ಬೆಳೆದ ಪಂಕ್ ಅಂಥದ್ದೊಂದು. ಕೂದಲು, ಬಟ್ಟೆ, ಹಾಡಿನ ಬಗ್ಗೆ ಓದಿದರೆ ಬರೆಯಲು ಹೇಗೆ ಬರುತ್ತದೆ, ಪ್ರಬಂಧಕ್ಕೆ ಏನು ಆರಿಸಿಕೊಳ್ಳಲಿ ಅನ್ನುವುದು ನಿಮ್ಮ ಪ್ರಶ್ನೆ. ನಾನು ಇಂಥದ್ದೇ ಕೋರ್ಸ್ ಮಾಡಿದ್ದೆ. ನನಗೆ ನಿಜವಾಗಿ ಬರೆಯಲು ಕಲಿಸಿದ್ದು ಅದೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಆ ರೆಟೊರಿಕ್ ಅನ್ನೋ ಪದ. ನಿಘಂಟು ತೆರೆದರೆ 'ಅಲಂಕಾರಶಾಸ್ತ್ರ' ಅಂತ ಸಿಗುತ್ತದೆ. ಅದನ್ನೇ ನಂಬಿಕೊಂಡರೆ ಉಪಮೆ, ರೂಪಕ ಹುಡುಕುತ್ತಾ ಕೂರುತ್ತೀರಿ. ತರಗತಿಯಲ್ಲಿ ಅದರ ಅರ್ಥ ಬೇರೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಹೇಳುತ್ತಿದ್ದಾರೆ, ಅವರನ್ನು ಒಪ್ಪಿಸಲು ಏನೇನು ಮಾಡುತ್ತಿದ್ದಾರೆ ಅಂತ ನೋಡುವುದು. ಅರಿಸ್ಟಾಟಲ್ ಇದಕ್ಕೆ ಮೂರು ದಾರಿ ಹೇಳಿದ: ಹೇಳುವವನ ಮೇಲೆ ಹುಟ್ಟುವ ನಂಬಿಕೆ ಎಥೋಸ್, ಕೇಳುವವರ ಮನಸ್ಸಿನ ಭಾವನೆ ಪೇಥೋಸ್, ಮಾತಿನೊಳಗಿನ ತರ್ಕ ಲೋಗೋಸ್. ಈ ಮೂರನ್ನು ನಿಮಗೆ ಹೇಗೂ ಕಲಿಸುತ್ತಾರೆ. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅಮೆರಿಕದ ವಿಮರ್ಶಕ ಕೆನೆತ್ ಬರ್ಕ್ 1950ರಲ್ಲಿ ಹೇಳಿದ್ದು. ಬರೀ ವಾದ ಮಾಡಿ ಯಾರ ಮನಸ್ಸನ್ನೂ ಗೆಲ್ಲಲು ಆಗುವುದಿಲ್ಲ. ಅವರ ಮಾತಿನ ಧಾಟಿ, ಹಾವಭಾವ, ಯೋಚನೆ ನಮ್ಮಲ್ಲೂ ಕಂಡಾಗ, 'ಇವನು ನಮ್ಮವನು' ಅನ್ನಿಸಿದಾಗ ಅವರು ಕಿವಿಗೊಡುತ್ತಾರೆ. ಉಪಸಂಸ್ಕೃತಿಗಳು ನಿಂತಿರುವುದೇ ಈ 'ನಮ್ಮವನು' ಅನ್ನುವುದರ ಮೇಲೆ, ಅಲ್ವಾ?

ನಾನು ಪ್ರಬಂಧಕ್ಕೆ ಆರಿಸಿಕೊಂಡದ್ದು ಕೈ ಮೇಲಿನ ಒಂದು ಗುರುತನ್ನು. ಅಮೆರಿಕದಲ್ಲಿ ಪಂಕ್ ತಂಡಗಳು ಹಾಡುತ್ತಿದ್ದ ಕ್ಲಬ್‌ಗಳಲ್ಲೇ ಮದ್ಯವೂ ಸಿಗುತ್ತಿತ್ತು. ವಯಸ್ಸಾಗದ ಹುಡುಗರು ಹಾಡು ಕೇಳಲು ಬರುತ್ತಿದ್ದರು. ಒಳಗೆ ಬಿಡಬೇಕು, ಕುಡಿಯಲು ಕೊಡಬಾರದು. ಅದಕ್ಕೆ ಕೆಲವು ಕಡೆ ಬಾಗಿಲಲ್ಲೇ ಅವರ ಮುಂಗೈ ಮೇಲೆ ದಪ್ಪ ಮಾರ್ಕರ್‌ನಿಂದ ಗುಣಾಕಾರದ ಚಿಹ್ನೆಯಂತೆ ಎರಡು ಅಡ್ಡಗೆರೆ ಎಳೆಯುತ್ತಿದ್ದರು. 1980ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಟೀನ್ ಐಡಲ್ಸ್ ಅನ್ನುವ ಹುಡುಗರ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಈ ಪದ್ಧತಿ ನೋಡಿ ತಮ್ಮೂರಿಗೂ ತಂದಿತು. ಅವರ ರೆಕಾರ್ಡಿನ ಹೊದಿಕೆಯ ಮೇಲೆ ಒಂದರ ಮೇಲೊಂದು ಅಡ್ಡವಾಗಿಟ್ಟ ಎರಡು ಕೈಗಳಿವೆ, ಎರಡರ ಮೇಲೂ ಆ ಗುರುತು. ಮುಂದೆ ಕುಡಿತ, ಸಿಗರೇಟು, ಡ್ರಗ್ಸ್ ಬೇಡ ಅನ್ನುವ 'ಸ್ಟ್ರೇಟ್ ಎಡ್ಜ್' ಪಂಕ್‌ಗಳ ಗುರುತೇ ಅದಾಯಿತು. ಕುಡಿಯುವ ವಯಸ್ಸು ಬಂದವರೂ ತಾವೇ ಬರೆದುಕೊಂಡು ಬರತೊಡಗಿದರು.

ಆ ಎರಡು ಗೆರೆಗಳನ್ನು ಹತ್ತಿರದಿಂದ ನೋಡಿ. ಬಾಗಿಲಲ್ಲಿ ನಿಂತವನು ಎಳೆದಾಗ ಬರೆದವರು ಕ್ಲಬ್‌ನವರು, ಓದಬೇಕಾದವನು ಕೌಂಟರಿನಲ್ಲಿ ಗ್ಲಾಸು ತುಂಬುವವನು. ಹುಡುಗನ ಕೈ ಬರೀ ಕಾಗದ. ಅದರ ಮೇಲೆ ಬರೆದದ್ದು 'ಇವನಿಗೆ ಕೊಡಬೇಡ'. ಅದೇ ಹುಡುಗ ಮನೆಯಿಂದ ಹೊರಡುವ ಮೊದಲು ತಾನೇ ಮಾರ್ಕರ್ ಹಿಡಿದು ಅದೇ ಜಾಗದಲ್ಲಿ ಅದೇ ಗೆರೆ ಎಳೆದುಕೊಂಡರೆ ಅದು 'ನನಗೆ ಬೇಡ'. ಶಾಯಿ ಒಂದೇ, ಆಕಾರ ಒಂದೇ. ಬರೆದವನು ಬದಲಾದ ಕೂಡಲೇ ಅರ್ಥ ತಿರುಗಿತು. ನಾಚಿಕೆಪಡಬೇಕಾದದ್ದನ್ನು ಎತ್ತಿ ತೋರಿಸುವ ಹಾಗೆ ಮಾಡಿಕೊಂಡರು.

ಇಷ್ಟು ನೋಡಿದ್ದೂ ನನ್ನ ಮೊದಲ ಡ್ರಾಫ್ಟ್‌ನಲ್ಲಿ ನಾನು ಬರೆದದ್ದು ಏನು ಗೊತ್ತಾ? "ಈ ಯುವಕರು ಸಮಾಜದ ವಿರುದ್ಧ ಬಂಡಾಯ ಎದ್ದರು." ಮೇಡಂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಸಮಾಜ ಅಂದರೆ ಯಾರು?" ಎರಡು ದಿನ ಆ ಮೂರು ಪದ ಹಿಡಿದು ಕೂತೆ. ಕುಡಿಯುವುದಿಲ್ಲ ಅನ್ನುವ ಮಗನ ಮೇಲೆ ಯಾವ ಅಪ್ಪ ಅಮ್ಮ ಸಿಟ್ಟಾಗುತ್ತಾರೆ? ಪೊಲೀಸರಿಗೆ ಏನು ತೊಂದರೆ? ಆ ಗುರುತು ಚುಚ್ಚಿದ್ದು ಪಕ್ಕದಲ್ಲೇ ಕುಣಿಯುತ್ತಿದ್ದ ಇನ್ನೊಬ್ಬ ಪಂಕ್ ಹುಡುಗನನ್ನು, ಕುಡಿದು ಹಾಳಾಗುವುದೇ ಪಂಕ್ ಅಂದುಕೊಂಡಿದ್ದವನನ್ನು. ಓದುಗ ಗುಂಪಿನ ಒಳಗೇ ಇದ್ದ! ಇದು ಹೊಳೆದ ಮೇಲೆ ಇಡೀ ಪ್ರಬಂಧ ಬಿಚ್ಚಿ ಹೊಸದಾಗಿ ಕಟ್ಟಿದೆ. ಅವತ್ತಿನಿಂದ 'ಸಮಾಜ', 'ಜನ', 'ಇಂದಿನ ಯುವಪೀಳಿಗೆ' ಅಂತ ಬರೆಯುವಾಗ ಕೈ ನಿಲ್ಲುತ್ತದೆ. ಯಾರು ಅಂತ ಹೆಸರಿಟ್ಟು ಹೇಳಲು ಬರದಿದ್ದರೆ ನನಗಿನ್ನೂ ವಿಷಯ ಗೊತ್ತಾಗಿಲ್ಲ ಅಂತ ಅರ್ಥ.

ಒಂದೇ ಬಟ್ಟೆಯನ್ನು ಇಬ್ಬರು ಬೇರೆ ಬೇರೆಯಾಗಿ ಓದುವುದೂ ಉಂಟು. ಅದರ ಪರಿಣಾಮ ಎಷ್ಟು ಘೋರವಾಗಬಹುದು ಅಂತ ತಿಳಿಯಬೇಕಾದರೆ ಝೂಟ್ ಸೂಟ್ ಬಗ್ಗೆ ಓದಿ. ಮೊಣಕಾಲು ಮುಟ್ಟುವ ಕೋಟು, ಅಗಲ ಭುಜ, ಮೇಲೆ ಸಡಿಲವಾಗಿ ಕಣಕಾಲಲ್ಲಿ ಬಿಗಿಯಾಗುವ ಪ್ಯಾಂಟು. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಹುಡುಗರಿಗೆ ಅದು ಮೈತುಂಬ ಅಂದ, ನಾವೂ ಇದ್ದೇವೆ ಅನ್ನುವ ಹೆಮ್ಮೆ. ಆದರೆ 1942ರಲ್ಲಿ ಯುದ್ಧಕ್ಕೆ ಉಣ್ಣೆ ಬೇಕು ಅಂತ ಸರ್ಕಾರ ಸೂಟಿಗೆ ಬಳಸುವ ಬಟ್ಟೆಗೆ ಮಿತಿ ಹಾಕಿತ್ತು. ನೌಕಾಪಡೆಯ ಹುಡುಗರ ಕಣ್ಣಿಗೆ ಅದೇ ಸೂಟು ದೇಶದ್ರೋಹದಂತೆ ಕಂಡಿತು. ಅದರ ಜೊತೆಗೆ ಜನಾಂಗದ್ವೇಷವೂ ಇತ್ತು. 1943ರ ಜೂನ್‌ನಲ್ಲಿ ಅವರು ಬೀದಿ ಬೀದಿಗೆ ನುಗ್ಗಿ, ಹುಡುಗರನ್ನು ಹಿಡಿದು ಹೊಡೆದು, ಮೈಮೇಲಿನ ಸೂಟು ಕಿತ್ತರು. ಪೊಲೀಸರು ಏಟು ತಿಂದವರನ್ನೇ ಹಿಡಿದು ಒಳಗೆ ಹಾಕಿದರು. 'ಝೂಟ್ ಸೂಟಿನ ಅರ್ಥ ಇದು' ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಲು ನಿಮಗೆ ಮನಸ್ಸು ಬರುತ್ತದಾ?

ತೊಡುವವರು, ನೋಡುವವರು ಆದ ಮೇಲೆ ಮೂರನೆಯ ದನಿ ಪತ್ರಿಕೆಗಳದ್ದು. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲ್ಯಾಕ್ಟನ್ ಅನ್ನುವ ಕಡಲತೀರದ ಊರಿನಲ್ಲಿ ಹುಡುಗರ ಎರಡು ಗುಂಪುಗಳು, ಸ್ಕೂಟರಿನ ಮಾಡ್‌ಗಳು, ಮೋಟರ್‌ಬೈಕಿನ ರಾಕರ್‌ಗಳು ಸೇರಿ ಸ್ವಲ್ಪ ಗಲಾಟೆ ಆಯಿತು. ಪತ್ರಿಕೆಗಳು 'ಯುದ್ಧ', 'ದಾಳಿ', 'ಮುತ್ತಿಗೆ' ಅಂತ ಬರೆದವು. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೊಹೆನ್ ಇದನ್ನೆಲ್ಲ ಕೂತು ಪರಿಶೀಲಿಸಿ 1972ರಲ್ಲಿ ಪುಸ್ತಕ ಬರೆದರು. ಆದದ್ದಕ್ಕಿಂತ ಬರೆದದ್ದು ಎಷ್ಟು ದೊಡ್ಡದಿತ್ತು, ಆ ಬರಹವೇ ಮುಂದಿನ ರಜೆಗಳಲ್ಲಿ ಪೊಲೀಸರನ್ನೂ ಹುಡುಗರನ್ನೂ ಹೇಗೆ ತಯಾರು ಮಾಡಿತು ಅಂತ ತೋರಿಸಿದರು. 'ಮಾರಲ್ ಪ್ಯಾನಿಕ್', ಅಂದರೆ ಒಂದು ಗುಂಪಿನಿಂದ ನೀತಿಯೇ ಕೆಡುತ್ತದೆ ಅಂತ ಹಬ್ಬುವ ಅತಿಯಾದ ಭಯ, ಅನ್ನುವ ಮಾತು ಹೆಸರಾದದ್ದು ಅಲ್ಲಿಂದಲೇ. ನೀವು ಹಳೆಯ ಸುದ್ದಿಯನ್ನು ಆಧಾರ ಮಾಡಿಕೊಂಡರೆ ಅದನ್ನು ನಡೆದ ಸಂಗತಿ ಅಂತ ಓದಬೇಡಿ. ಅದೂ ಯಾರೋ ಯಾರನ್ನೋ ಒಪ್ಪಿಸಲು ಬರೆದದ್ದು.

ತರಗತಿಯಲ್ಲಿ ಡಿಕ್ ಹೆಬ್ಡಿಜ್ ಅವರ 1979ರ ಪುಸ್ತಕ ಬಂದೇ ಬರುತ್ತದೆ, ಪಂಕ್‌ಗಳು ಚುಚ್ಚಿಕೊಳ್ಳುತ್ತಿದ್ದ ಸೇಫ್ಟಿ ಪಿನ್ನಿನಿಂದ ಹಿಡಿದು ಎಲ್ಲವನ್ನೂ ಬರಹದಂತೆ ಓದುವುದನ್ನು ಕಲಿಸಿದ್ದು ಅದು. ಅದರ ಜೊತೆಗೆ ಆಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ ಹುಡುಗಿಯರ ಬಗ್ಗೆ ಬರೆದ ಲೇಖನವನ್ನೂ ಓದಿ. ಬೀದಿಯನ್ನೇ ನೋಡುತ್ತಿದ್ದ ಸಂಶೋಧಕರಿಗೆ ಹುಡುಗಿಯರು ಕಾಣಲೇ ಇಲ್ಲ. ಅವರ ಲೋಕ ಮನೆಯೊಳಗೆ, ಕೋಣೆಯಲ್ಲಿ, ಗೆಳತಿಯರ ಜೊತೆ ಹಾಡು ಕೇಳುತ್ತಾ ನಡೆದಿತ್ತು. ಇದನ್ನು ಓದಿದಾಗ ನನಗೆ ತುಂಬಾ ಹೊತ್ತು ಬೇರೇನೂ ಓದಲಾಗಲಿಲ್ಲ. ನಾನು ನೋಡಿದ ಅಷ್ಟೂ ಫೋಟೋಗಳಲ್ಲಿ ಎಷ್ಟು ಹುಡುಗಿಯರಿದ್ದರು ಅಂತ ಎಣಿಸಲು ಹೋದೆ.

ಈಗ ನಿಮ್ಮ ಪ್ರಬಂಧ. 'ಹಿಪ್-ಹಾಪ್' ಅಂತ ಆರಿಸಿಕೊಳ್ಳಬೇಡಿ, ಅದು ಸಮುದ್ರ. ಒಂದು ಕಾರ್ಯಕ್ರಮದ ಪೋಸ್ಟರ್, ಝೀನ್‌ನ, ಅಂದರೆ ಗುಂಪಿನವರೇ ಬರೆದು ಜೆರಾಕ್ಸ್ ಮಾಡಿ ಪಿನ್ ಹೊಡೆದ ಪುಟ್ಟ ಪತ್ರಿಕೆಯ, ಒಂದೇ ಪುಟ, ಒಂದು ಜಾಕೆಟ್ಟಿನ ಬೆನ್ನು, ಇಷ್ಟು ಸಾಕು. ಮೊದಲ ಪುಟದಲ್ಲಿ ಅರ್ಥ ಹೇಳಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಅಕ್ಷರ ಕೈಬರಹವಾ ಅಚ್ಚಾ, ಹೊಲಿಗೆ ನೆಟ್ಟಗಿದೆಯಾ, ತಪ್ಪಾದ ಪದವನ್ನು ಹೊಡೆದುಹಾಕಿ ಹಾಗೇ ಬಿಟ್ಟಿದ್ದಾರಾ. ಝೀನ್‌ಗಳಲ್ಲಿ ಹಾಗೆ ಹೊಡೆದುಹಾಕಿದ್ದನ್ನು ಬೇಕಂತಲೇ ಉಳಿಸುತ್ತಾರೆ, 'ಇದನ್ನು ನೀನೂ ಮಾಡಬಹುದು' ಅಂತ ಓದುಗನಿಗೆ ಅದು ಹೇಳುತ್ತದೆ. ಆಮೇಲೆ ಯಾರಿಗೆ, ಯಾಕೆ ಅನ್ನುವುದು ತಾನಾಗಿ ಬರುತ್ತದೆ. ನಿಮಗೆ ಗೊತ್ತಿರುವ, ನೀವೇ ಇರುವ ಗುಂಪಾದರೂ ಆದೀತು. ಆದರೆ ಯಾರನ್ನಾದರೂ ಮಾತಾಡಿಸಿದರೆ ಒಪ್ಪಿಗೆ ಕೇಳಿ, ಹೆಸರು ಬದಲಿಸಿ.

ಡ್ರಾಫ್ಟ್ ಆದ ಮೇಲೆ ಅಂಥ ಗುಂಪಿನವರೊಬ್ಬರಿಗೆ ಓದಲು ಕೊಡಿ. ನನ್ನದನ್ನು ಓದಿದವನು ಹತ್ತು ವರ್ಷದಿಂದ ಕೈ ಮೇಲೆ ಆ ಗುರುತು ಹಾಕುತ್ತಿದ್ದವನು. ಮೂರನೇ ಪುಟದ ಒಂದು ವಾಕ್ಯದ ಮೇಲೆ ಬೆರಳಿಟ್ಟು, "ಇದು ನಾವು ಹೇಳೋದಲ್ಲ, ನಮ್ಮ ಬಗ್ಗೆ ಬೇರೆಯವರು ಹೇಳೋದು" ಅಂದ. ಆ ವಾಕ್ಯವನ್ನು ನಾನು ತೆಗೆಯಲಿಲ್ಲ. ಅವನ ಮಾತನ್ನು ಅದರ ಕೆಳಗೆ ಸೇರಿಸಿದೆ, ಅಲ್ಲಿಂದ ಮುಂದಿನ ಎರಡು ಪುಟ ಅದರ ಮೇಲೆಯೇ ಬರೆದೆ.