ಕಚೇರಿಯೇ ಜಗಲಿಗೆ ಬಂದರೆ

ಸಿದ್ದಾಪುರ ಕಡೆಯ ನಿವೃತ್ತ ಮಾಸ್ತರರೊಬ್ಬರು ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಒಬ್ಬ ನಿವೃತ್ತ ತಹಶೀಲ್ದಾರರ ಬಗ್ಗೆ ಬರೆದಿದ್ದೆವು. ಗ್ರಾಮ ಲೆಕ್ಕಿಗರಾಗಿ ನೌಕರಿಗೆ ಸೇರಿ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಊರೂರು ಸುತ್ತಿ, ಕೊನೆಯವರೆಗೂ ವಯಸ್ಸಾದವರ ಬೆನ್ನಿಗೆ ನಿಂತ ಹೆಣ್ಣುಮಗಳು. ಹೆಸರು ಬೇಡ ಎಂದು ಅವರೇ ಕೇಳಿಕೊಂಡಿದ್ದರಿಂದ ಹಾಕಿರಲಿಲ್ಲ. ಮಾಸ್ತರರಿಗೆ ಆ ಲೇಖನ ಹಿಡಿಸಿಲ್ಲ. ‘ಸಂಬಳ ತಗೊಂಡು ಮಾಡಿದ ಕೆಲಸಕ್ಕೆ ನಾಲ್ಕು ಪುಟ ಯಾಕೆ? ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಮಕ್ಕಳ ಕೆಲಸ. ಸರ್ಕಾರ ನಡುವೆ ಬಂದಷ್ಟೂ ಮಕ್ಕಳು ಕೈಬಿಡುತ್ತಾರೆ’ ಎಂಬುದು ಅವರ ವಾದ.

ಮಾಸ್ತರರೇ, ಮಕ್ಕಳ ಕೆಲಸ ಹೌದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸಂಜೆ ನಿಮ್ಮೂರಿನಲ್ಲೇ ಹಾಗೇ ಓಡಾಡಿ ಬನ್ನಿ. ಎಷ್ಟು ಮನೆಯ ಜಗಲಿಯಲ್ಲಿ ನಲವತ್ತರ ಒಳಗಿನವರು ಕಾಣುತ್ತಾರೆ? ಮಗ ಬೆಂಗಳೂರು, ಮಗಳು ಪುಣೆ. ಅವರೇನೂ ಕೆಟ್ಟವರಲ್ಲ. ತಿಂಗಳು ತಿಂಗಳು ದುಡ್ಡು ಹಾಕುತ್ತಾರೆ, ದಿನಾ ವಿಡಿಯೋ ಕಾಲ್ ಮಾಡುತ್ತಾರೆ, ಚೌತಿಗೆ ಬಂದು ಹೋಗುತ್ತಾರೆ. ಆದರೆ ಆಷಾಢದ ಮಳೆಗೆ ಕಾಲುಸಂಕ ಕೊಚ್ಚಿಹೋದ ದಿನವೇ ಅಪ್ಪನ ಬಿಪಿ ಮಾತ್ರೆ ಮುಗಿದರೆ, 400 ಕಿಲೋಮೀಟರ್ ದೂರದಲ್ಲಿ ಕೂತ ಮಗ ಏನು ಮಾಡಬೇಕು? ಇನ್ನು ಮಕ್ಕಳೇ ಇಲ್ಲದವರು, ಕಡಲಿಗೆ ಹೋದ ಗಂಡ ತಿರುಗಿ ಬಾರದ ಹೆಂಗಸರು ಯಾರ ಬಾಗಿಲು ತಟ್ಟಬೇಕು?

ಸಂಬಳದ ಮಾತಿಗೆ ಬರುತ್ತೇನೆ. ನಾನು ಕಣ್ಣಾರೆ ಕಂಡದ್ದು ಇದು. ಕುಮಟಾ ಕಡೆಯ ಒಂದು ಮೀನುಗಾರರ ಕೇರಿ. ದೇವಸ್ಥಾನದ ಮುಂದಿನ ಚಪ್ಪರದಲ್ಲಿ ಪಿಂಚಣಿ ಅದಾಲತ್, ಅಂದರೆ ಅಧಿಕಾರಿಗಳೇ ಊರಿಗೆ ಬಂದು ಪಿಂಚಣಿಯ ತಕರಾರು ಬಗೆಹರಿಸುವ ಸಭೆ, ನಡೆದಿತ್ತು. ಎಂಬತ್ತರ ಹತ್ತಿರದ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದಾರೆ, ಯಂತ್ರ ಒಪ್ಪುತ್ತಿಲ್ಲ. ಹಿಂದಿನ ತಿಂಗಳು ಬ್ಯಾಂಕಿನಲ್ಲೂ ಹೀಗೇ ಆಗಿ ವಾಪಸ್ ಕಳಿಸಿದ್ದರಂತೆ. ಜೀವಮಾನವಿಡೀ ಮೀನು ಕೊಯ್ದು, ಉಪ್ಪು ತಿಕ್ಕಿ ಒಣಗಿಸಿದ ಕೈ ಅದು. ಗೆರೆ ಎಲ್ಲಿ ಉಳಿಯಬೇಕು? ನಿಮ್ಮ ಘಟ್ಟದ ಮೇಲೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರ ಬೆರಳೂ ಹೀಗೇ ಅಲ್ವಾ?

ಅಲ್ಲಿ ಕೂತಿದ್ದ ಇದೇ ತಹಶೀಲ್ದಾರರು ಕುರ್ಚಿ ಬಿಟ್ಟು ಎದ್ದರು. ಪಕ್ಕದ ಮನೆಯಿಂದ ಬಿಸಿನೀರು ತರಿಸಿದರು. ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ತೊಳೆದು, ತಮ್ಮ ಸೆರಗಿನಲ್ಲೇ ಒರೆಸಿದರು. ‘ಹೆಬ್ಬೆಟ್ಟೇ ಆಗಬೇಕು ಅಂತ ಇಲ್ಲ, ಹತ್ತರಲ್ಲಿ ಯಾವುದಾದರೂ ನಡೆಯುತ್ತೆ’ ಎಂದು ಯಂತ್ರದ ಮುಂದೆ ಕೂತ ಹುಡುಗನಿಗೆ ಹೇಳಿಕೊಟ್ಟರು. ಎಡಗೈ ಉಂಗುರದ ಬೆರಳು ಇಟ್ಟಾಗ ಯಂತ್ರ ಒಪ್ಪಿತು. ಅಷ್ಟಕ್ಕೇ ಬಿಡಲಿಲ್ಲ. ಒಂದು ಚೀಟಿಯಲ್ಲಿ ‘ಎಡಗೈ, ಉಂಗುರದ ಬೆರಳು’ ಎಂದು ಬರೆದು ಅಜ್ಜಿಯ ಪಾಸ್‌ಬುಕ್ಕಿಗೆ ಅಂಟಿಸಿದರು. ಮುಂದಿನ ತಿಂಗಳು ಮತ್ತೆ ಅಲೆಯುವುದು ಬೇಡ ಎಂದು. ಈ ಕೆಲಸ ಯಾವ ಸುತ್ತೋಲೆಯಲ್ಲಿದೆ ಹೇಳಿ? ಅವರಷ್ಟೇ ಸಂಬಳ ತೆಗೆದುಕೊಂಡು, ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನುವವರನ್ನೂ ನೀವು ನೋಡಿದ್ದೀರಿ.

ಅಷ್ಟು ಕಷ್ಟಪಟ್ಟು ಕೈಗೆ ಬರುವುದಾದರೂ ಎಷ್ಟು? 65 ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ. ಇನ್ನು ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು, 79ರವರೆಗಿನವರಿಗೆ, ಬರೀ 200 ರೂಪಾಯಿ. 2007ರಿಂದ ಅದು ಅಲ್ಲೇ ನಿಂತಿದೆ. ಅಕ್ಕಿಯ ರೇಟು ಹಾಗೇ ನಿಂತಿದೆಯೇ? ಈ ಪುಡಿಗಾಸಿಗೂ ಮುದುಕರನ್ನು ಮೆಟ್ಟಿಲು ಹತ್ತಿಸುತ್ತೇವಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಕಚೇರಿ ಮುದುಕರಿದ್ದಲ್ಲಿಗೆ ಹೋಗಬೇಕು, ಮುದುಕರು ಕಚೇರಿಗಲ್ಲ. ನಾನು ಇದನ್ನು ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. 2021ರಲ್ಲಿ, ಅಧಿಕಾರಿಗಳೇ ಹಳ್ಳಿಗೆ ಹೋಗಿ ಅಹವಾಲು ಕೇಳುವ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ’ ಶುರುವಾದಾಗ ಎಲ್ಲರಿಗೂ ಹೊಸತು ಅನ್ನಿಸಿತು. ಈ ಹೆಣ್ಣುಮಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಯಾರೂ ಹೇಳದೆ ನಡೆದಿದ್ದರು.

ಸರ್ಕಾರ ಬಂದರೆ ಮಕ್ಕಳು ಕೈಬಿಡುತ್ತಾರೆ ಎಂದಿರಿ. ನನಗೆ ಕಂಡದ್ದು ಇದರ ಉಲ್ಟಾ. ಹೆತ್ತವರ ಪೋಷಣೆಯ ಕಾಯ್ದೆ ಬಂದದ್ದು 2007ರಲ್ಲಿ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನಿಮ್ಮ ಕಡೆಯವರು ಅದಕ್ಕೆ ಶಿರಸಿಗೆ ಹೋಗಬೇಕು. ಅದಕ್ಕಿಂತ ದೊಡ್ಡದು 23ನೇ ಕಲಮು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ತೋಟ, ಮನೆ ಬರೆಸಿಕೊಂಡ ಮಗ ಮಾತಿಗೆ ತಪ್ಪಿದರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. ಆದರೆ ಷರತ್ತು ಇರಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು, ನಿಜ. ಆದರೂ ಬರೆದದ್ದಿದ್ದರೆ ಜಗಳವೇ ಇಲ್ಲ. ಈ ತಹಶೀಲ್ದಾರರು ಹೋದಲ್ಲೆಲ್ಲ ಹೇಳುತ್ತಿದ್ದದ್ದು ಇದೊಂದೇ: ‘ಮಗನ ಹೆಸರಿಗೆ ಮಾಡಿ, ಬೇಡ ಅನ್ನಲ್ಲ. ಕಡೆತನಕ ನೋಡಿಕೊಳ್ಳಬೇಕು ಅಂತ ಒಂದು ಸಾಲು ಬರೆಸಿ.’ ಆ ಒಂದು ಸಾಲಿನಿಂದ ಅಪ್ಪ ಮಗ ಒಂದೇ ಒಲೆಯಲ್ಲಿ ಉಳಿದ ಮನೆಗಳಿವೆ ಮಾಸ್ತರರೇ.

ಜಪಾನಿನ ಒಂದು ಹಳ್ಳಿಯ ಕತೆ ಓದಿದ್ದೆ. ಇವಾತೆ ಪ್ರಾಂತ್ಯದ ಸಾವಾಉಚಿ. ಚಳಿಗಾಲ ಬಂತೆಂದರೆ ಆಳೆತ್ತರದ ಹಿಮ, ದಾರಿ ಬಂದ್. ಕಾಯಿಲೆ ಬಿದ್ದ ಮುದುಕರಿಗೆ ಡಾಕ್ಟರೂ ಇಲ್ಲ, ದುಡ್ಡೂ ಇಲ್ಲ. 1957ರಲ್ಲಿ ಫುಕಸಾವ ಮಸಾವೊ ಎಂಬುವರು ಅಲ್ಲಿನ ಊರಿನ ಮುಖ್ಯಸ್ಥರಾದರು. ಹಿಮ ಸರಿಸಲಿಕ್ಕೆ ಬುಲ್ಡೋಜರ್ ತರಿಸಿದರು. 1960ರ ಡಿಸೆಂಬರಿನಲ್ಲಿ 65 ದಾಟಿದವರಿಗೆ ಔಷಧೋಪಚಾರ ಪುಕ್ಕಟೆ ಮಾಡಿದರು, ಮರುವರ್ಷ ಅದನ್ನು 60ಕ್ಕೆ ಇಳಿಸಿದರು. ಕಾನೂನಿಗೆ ವಿರುದ್ಧ ಎಂದು ಮೇಲಿನವರು ತಕರಾರು ತೆಗೆದರು. ಸಂವಿಧಾನಕ್ಕೆ ವಿರುದ್ಧವಲ್ಲವಲ್ಲ ಎಂದು ಇವರು ಹಟ ಹಿಡಿದರು. 1973ರಲ್ಲಿ ಇಡೀ ಜಪಾನೇ 70 ದಾಟಿದವರಿಗೆ ಇದನ್ನು ತಂದಿತು. ಬಡ ಹಳ್ಳಿಯೊಂದರ ಮುಖ್ಯಸ್ಥ ಅಷ್ಟು ಮಾಡಿದರೆ, ಕೈಗಾ, ಶರಾವತಿ, ಕಾಳಿಯ ಕರೆಂಟನ್ನು ನಾಡಿಗೆ ಕೊಡುವ ನಮ್ಮ ಜಿಲ್ಲೆಗೆ ಏನು ಬಂದಿದೆ ರೋಗ?

ರೋಗ ಬಂದರೆ ಹೋಗಲಿಕ್ಕೆ ಆಸ್ಪತ್ರೆ ಇಲ್ಲ, ಅದೇ ಬಂದಿರುವುದು. ಎದೆನೋವು ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಅದಕ್ಕೂ ಮೊದಲಿನಿಂದ ನಾವು ದೊಡ್ಡ ಆಸ್ಪತ್ರೆ ಕೇಳುತ್ತಲೇ ಇದ್ದೇವೆ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ತೆಗೆದರು. ಕೊರೊನಾ ಹೋಯಿತು, ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ಯಾರೂ ದೊಡ್ಡ ದನಿ ತೆಗೆಯಲಿಲ್ಲ. ಮುದುಕರು ರಸ್ತೆ ತಡೆ ಮಾಡುವುದಿಲ್ಲ ನೋಡಿ. ಇಂಥ ಹೊತ್ತಿನಲ್ಲಿ ಒಬ್ಬ ಅಧಿಕಾರಿ ಅವರ ಪರ ನಿಂತರೆ ನಾಲ್ಕಲ್ಲ, ಎಂಟು ಪುಟ ಕೊಡುತ್ತೇನೆ. ನೀವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಚೆನ್ನಾಗಿ ಬರೆದ ಹುಡುಗನ ಬೆನ್ನು ನೀವು ತಟ್ಟಿರಲಿಲ್ಲವೇ?

ಪತ್ರದ ಕೊನೆಗೆ, ಚಿಕ್ಕಮ್ಮನ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿದೆ, ಏನು ಮಾಡುವುದು ಎಂದು ಕೇಳಿದ್ದೀರಿ. ಮೊದಲು ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ತುಂಬ ಸಲ ತಪ್ಪುವುದು ಅಲ್ಲೇ. ಆಗಿದ್ದರೆ ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಚಿಕ್ಕಮ್ಮನನ್ನು ಕರೆದುಕೊಂಡು ಹೋಗುವುದು ಬೇಡ, ನೀವೇ ಹೋಗಿ. ಅಲ್ಲೂ ಕೆಲಸ ಆಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಸ್ವೀಕೃತಿಯ ಪ್ರತಿಯೊಂದನ್ನು ನಮಗೂ ಕಳಿಸಿ. ನಾವೂ ಬೆನ್ನು ಹತ್ತುತ್ತೇವೆ.

– ಸಂಪಾದಕ