ಕಾರಿಲ್ಲದೆ ಗುಡ್ಡ ಹತ್ತೋದಾದ್ರ ಮೊದಲು ಯಾದಗಿರಿ

ಕಲಬುರಗಿಯಿಂದ ದಸರಾ ಸೂಟಿಯಾಗ ಕಾರಿಲ್ಲದೆ ಒಂದೇ ದಿನಕ್ಕ ಯಾವ ಗುಡ್ಡ ಅಂತ ಕೇಳೀರಿ. ಚಿಂಚೋಳಿ ಕಾಡು ಆಗ ಹಸಿರಿರ್ತದ ಖರೆ, ಆದ್ರ ಅಲ್ಲಿನ ಚಂದ್ರಂಪಳ್ಳಿ ಡ್ಯಾಮಿಗೆ ಹೋಗೋ ಆಟೋದವರ ಜೋಡಿ ವಾಪಸ್ ಬರೋದನ್ನೂ ಮೊದಲೇ ಮಾತಾಡದಿದ್ರ ಸಂಜಿ ಬಸ್ ತಪ್ತದ.

ಯಾದಗಿರಿ ಕೋಟೆಗೇ ಹೋಗ್ರಿ. ಗುಡ್ಡ ಊರಾಗೇ ಅದ, ಸ್ಟೇಷನ್‌ದಿಂದ ಆಟೋ ಸಾಕು. ರೈಲು ಸೂಪರ್‌ಫಾಸ್ಟ್ ಆದ್ರ ಜನರಲ್ ಟಿಕೆಟ್ ತಗೊಳ್ವಾಗ ಕೌಂಟರ್‌ದಾಗ ಹೇಳ್ರಿ. ಸೂಪರ್‌ಫಾಸ್ಟಿಗಂತ ಇರೋ ಹೆಚ್ಚಿನ ₹15 ಕಟ್ಟದೆ ಹತ್ತಿದ್ರ ದಂಡ ಬೀಳ್ತದ. ಒಂಬತ್ತರೊಳಗ ಏರ್ರಿ, ಆಮ್ಯಾಲ ಬಂಡಿಗಲ್ಲು ಸುಡ್ತದ. ಹಿಂದಿನ ದಿನ ಮಳಿ ಆಗಿದ್ರ ಪಾಚಿಗಟ್ಟಿದ ಮೆಟ್ಟಿಲು ಜಾರ್ತಾವ: ಚಪ್ಪಲಿ ಬ್ಯಾಡ, ಬೂಟೇ ಇರಲಿ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯೋ ನೀರು.

ವಾಪಸ್ ರೈಲು ತಡ ಆದ್ರ ಬಸ್ ಹಿಡೀರಿ; ಹೆಣ್ಮಕ್ಳು ಆಧಾರ್ ಇಟ್ಕೊಂಡ್ರ ಸಾದಾ ಸರ್ಕಾರಿ ಬಸ್ಸಿನಾಗ ಶಕ್ತಿ ಯೋಜನೆ ನಡೀತದ.